ಸಿದ್ಧರಾಗಬೇಕಾದವರು ಯಾರು?



ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಕನ್ನಡ ಮನೆಗಳಲ್ಲಿ ಹಬ್ಬದೂಟಕ್ಕೆ ನಾಲ್ಕು ಜನ ಸೇರಿದರೆ ಮೂರು ಮಾತುಗಳು ಕಿವಿಗೆ ಬೀಳದೆ ಇರುವುದಿಲ್ಲ: ಸ್ಕೇಲ್, ಇಕೋಸಿಸ್ಟಮ್, ಇನ್ವೆಸ್ಟ್‌ಮೆಂಟ್ ರೆಡಿನೆಸ್. ಉದ್ಯಮದ ಬೆಳವಣಿಗೆ, ಅದಕ್ಕೆ ಒತ್ತಾಸೆಯಾಗುವ ಸಹಭಾಗಿಗಳ ವಲಯ, ಹೂಡಿಕೆ ಪಡೆಯಲು ಬೇಕಾದ ಸಿದ್ಧತೆ ಎಂದು ಇವನ್ನು ಕನ್ನಡದಲ್ಲಿ ಹೇಳಬಹುದು. ಫ್ರೀಮಾಂಟಿನಲ್ಲಿ ನೌಕರಿ ಬಿಟ್ಟು ಕಂಪನಿ ಕಟ್ಟಲು ಹೊರಟವರ ಬಾಯಲ್ಲಿ ಈ ಮಾತುಗಳಿವೆ. ರಾಯಚೂರಿನಲ್ಲೋ ಹುಬ್ಬಳ್ಳಿಯಲ್ಲೋ ಸಣ್ಣ ಕಾರ್ಖಾನೆ ನಡೆಸುವ ಬಂಧುವಿಗೆ ಹಣ ಕೊಡಬೇಕೇ ಬೇಡವೇ ಎಂದು ಸನಿವೇಲ್‌ನಲ್ಲಿ ಕುಳಿತು ಯೋಚಿಸುವವರ ಬಾಯಲ್ಲೂ ಇವೆ.

ಈ ಮಾತುಗಳ ಬೆನ್ನಿಗೆ ಒಂದು ನಂಬಿಕೆಯೂ ಬರುತ್ತದೆ. ಹಣ ಯಾವಾಗಲೂ ಸಿದ್ಧವಾಗಿಯೇ ಇರುತ್ತದೆ. ಸಿದ್ಧರಾಗಬೇಕಾದವರು ಉದ್ಯಮಿಗಳು ಮಾತ್ರ ಎಂಬುದೇ ಆ ನಂಬಿಕೆ. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಂತೆ ಬಂಡವಾಳ ಜಗಲಿಯ ಮೇಲೆ ಕುಳಿತಿರುತ್ತದೆ. ಉದ್ಯಮಿ ತಲೆ ಬಾಗಿಸಿ ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಹಿಡಿದು ಬರಬೇಕು, ಕೇಳಿದ್ದಕ್ಕೆ ಉತ್ತರಿಸಬೇಕು, ಹಾಡು ಎಂದರೆ ಹಾಡಬೇಕು. ಗಂಡಿನ ಕಡೆಯವರ ನಡತೆ ಏನು, ಆದಾಯದ ಮೂಲ ಯಾವುದು ಎಂದು ಕೇಳುವ ಪದ್ಧತಿ ಇಲ್ಲ.

ಇಂದಿನ ಉಪನ್ಯಾಸದ ವಾದ ಇಷ್ಟೆ: ಸಿದ್ಧತೆ ಎರಡೂ ಕಡೆ ಇರಬೇಕಾದದ್ದು. ಉದ್ಯಮವನ್ನು ನಿಜವಾಗಿ ಬೆಳೆಸುವ ಸಹಭಾಗಿಗಳು ಎಷ್ಟೋ ಸಲ ಹೂಡಿಕೆದಾರರಲ್ಲ. ಸಾರ್ವಜನಿಕ ಸಂಸ್ಥೆಗಳು, ಗ್ರಾಮೀಣ ಬ್ಯಾಂಕುಗಳು, ಊರಿನ ತಂತ್ರಜ್ಞರು. ಇದನ್ನು ಮೂರು ಉದಾಹರಣೆಗಳ ಮೂಲಕ ನೋಡಬಹುದು. ಮೊದಲನೆಯದು ಈ ಕಣಿವೆಯೇ. ಎರಡನೆಯದು ಕರ್ನಾಟಕದಲ್ಲಿ ಹುಟ್ಟಿದ ಸೆಲ್ಕೋ ಎಂಬ ಸೌರವಿದ್ಯುತ್ ಸಂಸ್ಥೆ. ಮೂರನೆಯದು ಈ ಕಣಿವೆಯ ಹಣ ದಕ್ಷಿಣ ಭಾರತದ ಹಳ್ಳಿಗಳಿಗೆ ಹೋದಾಗ ಆದದ್ದು.

ಸಿಲಿಕಾನ್ ಕಣಿವೆಯ ಪುರಾಣ ಗ್ಯಾರೇಜಿನಿಂದ ಶುರುವಾಗುತ್ತದೆ. 1939ರಲ್ಲಿ ಪಾಲೊ ಆಲ್ಟೊದ ಒಂದು ಗ್ಯಾರೇಜಿನಲ್ಲಿ ಹ್ಯೂಲೆಟ್ ಮತ್ತು ಪ್ಯಾಕರ್ಡ್ ಎಂಬ ಇಬ್ಬರು ತರುಣರು ಕಂಪನಿ ಕಟ್ಟಿದ್ದು ನಿಜ. 1957ರಲ್ಲಿ ಮೌಂಟನ್ ವ್ಯೂನಲ್ಲಿದ್ದ ಷಾಕ್ಲಿಯ ಪ್ರಯೋಗಾಲಯವನ್ನು ತೊರೆದ ಎಂಟು ಜನರಿಗಾಗಿ ಆರ್ಥರ್ ರಾಕ್ ಹಣ ಹುಡುಕುತ್ತ ಅಲೆದದ್ದೂ, ಹತ್ತಾರು ಕಂಪನಿಗಳು ಒಲ್ಲೆವೆಂದ ಮೇಲೆ ಷರ್ಮನ್ ಫೇರ್‌ಚೈಲ್ಡ್ ಒಪ್ಪಿದ್ದೂ ನಿಜ. ಧೈರ್ಯವಂತ ತರುಣರು, ಕಣ್ಣುಳ್ಳ ಹಣವಂತ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಆದರೆ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ತಯಾರಿಸಿದ ವಸ್ತುವನ್ನು ಮೊದಮೊದಲು ಕೊಂಡವರು ಯಾರು? ಆರಂಭದಲ್ಲಿ ದುಬಾರಿಯಾಗಿದ್ದ ಟ್ರಾನ್ಸಿಸ್ಟರು ಮತ್ತು ಚಿಪ್ಪುಗಳಿಗೆ ದೊಡ್ಡ ಗಿರಾಕಿಗಳಾಗಿದ್ದವು ಅಮೆರಿಕದ ಕ್ಷಿಪಣಿ ಯೋಜನೆಗಳು ಮತ್ತು ಚಂದ್ರಯಾನದ ಅಪೊಲೊ ಯೋಜನೆ. ಅಂದರೆ, ತೆರಿಗೆದಾರರ ಹಣ. ಸರ್ಕಾರ ದುಬಾರಿ ಬೆಲೆ ತೆತ್ತು ಕೊಂಡದ್ದರಿಂದ ತಯಾರಿಕೆ ಪಳಗಿತು, ಬೆಲೆ ಇಳಿಯಿತು. ಆಮೇಲೆ ಮಾರುಕಟ್ಟೆ ತೆರೆಯಿತು.

ಪಟ್ಟಿ ಇಲ್ಲಿಗೇ ನಿಲ್ಲುವುದಿಲ್ಲ. 1951ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ತನ್ನ ಜಮೀನನ್ನು ಕೈಗಾರಿಕೆಗಳಿಗೆ ಗುತ್ತಿಗೆಗೆ ಕೊಟ್ಟು ಕೈಗಾರಿಕಾ ಉದ್ಯಾನವೊಂದನ್ನು ಶುರು ಮಾಡಿತು. ಗೂಗಲ್ ಆಗಿ ಬೆಳೆದ ಸಂಶೋಧನೆ ಅದೇ ವಿಶ್ವವಿದ್ಯಾಲಯದಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅನುದಾನದ ಆಸರೆಯಲ್ಲಿ ನಡೆಯಿತು. 1872ರಷ್ಟು ಹಿಂದೆಯೇ ಕ್ಯಾಲಿಫೋರ್ನಿಯ ರಾಜ್ಯ ಒಂದು ಕಾನೂನು ಮಾಡಿತ್ತು: ಕೆಲಸ ಬಿಟ್ಟವನು ಎದುರಾಳಿ ಕಂಪನಿ ಸೇರಬಾರದು, ತಾನೇ ಒಂದನ್ನು ಕಟ್ಟಬಾರದು ಎಂಬ ಕರಾರು ಊರ್ಜಿತವಾಗದು. ಎಂಜಿನಿಯರುಗಳು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುತ್ತ, ಜ್ಞಾನವನ್ನು ಜೊತೆಗೆ ಒಯ್ಯುತ್ತ ಈ ಕಣಿವೆಯನ್ನು ಬೆಳೆಸಿದರು ಎಂದು ಬರ್ಕ್‌ಲಿಯ ವಿದ್ವಾಂಸೆ ಅನಾಲೀ ಸ್ಯಾಕ್ಸೆನಿಯನ್ 1994ರಲ್ಲಿಯೇ ವಿಸ್ತಾರವಾಗಿ ತೋರಿಸಿದರು. ದುಡಿಯುವವರ ಒಂದು ಹಕ್ಕು ಇಲ್ಲಿನ ಸಂಪತ್ತಿನ ಬುನಾದಿಯಲ್ಲಿದೆ ಎಂಬುದನ್ನು ಹೂಡಿಕೆದಾರರ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ.

ಸ್ಯಾಂಡ್ ಹಿಲ್ ರಸ್ತೆಯ ವೆಂಚರ್ ಕ್ಯಾಪಿಟಲ್ ಹಣವಾದರೂ ಯಾರದು? 1979ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಪಿಂಚಣಿ ನಿಧಿಗಳ ನಿಯಮವನ್ನು ಸಡಿಲಿಸಿ, ಅವುಗಳ ಒಂದು ಪಾಲನ್ನು ಇಂಥ ಅಪಾಯದ ಹೂಡಿಕೆಗೆ ಬಳಸಲು ದಾರಿ ಮಾಡಿತು. ಆ ಬಳಿಕವೇ ಹಣದ ಹೊಳೆ ಹರಿಯಿತು. ಶಿಕ್ಷಕರ, ಅಗ್ನಿಶಾಮಕ ಸಿಬ್ಬಂದಿಯ, ಸರ್ಕಾರಿ ನೌಕರರ ಮುಪ್ಪಿನ ಗಂಟು ಈ ಹೊಳೆಯಲ್ಲಿದೆ. 2023ರ ಮಾರ್ಚ್ 10ರಂದು ಸಿಲಿಕಾನ್ ವ್ಯಾಲಿ ಬ್ಯಾಂಕ್ ಕುಸಿದು ಬಿದ್ದಾಗ ಇನ್ನೊಂದು ಸತ್ಯವೂ ಬಯಲಾಯಿತು. ಠೇವಣಿ ವಿಮೆಯ ಮಿತಿ 2,50,000 ಡಾಲರ್. ಅದನ್ನು ಮೀರಿ ಠೇವಣಿ ಇಟ್ಟಿದ್ದ ನೂರಾರು ಕಂಪನಿಗಳು ಸಂಬಳ ಕೊಡುವುದು ಹೇಗೆಂದು ಕಂಗಾಲಾದವು. ಎರಡೇ ದಿನಗಳಲ್ಲಿ, ಎಲ್ಲ ಠೇವಣಿಗಳೂ ಸುರಕ್ಷಿತವೆಂದು ಸರ್ಕಾರ ಘೋಷಿಸಿತು. ಸರ್ಕಾರ ದೂರವಿದ್ದಷ್ಟೂ ಒಳ್ಳೆಯದೆಂದು ಹೇಳುತ್ತಿದ್ದ ಬಾಯಿಗಳೇ ಆ ವಾರಾಂತ್ಯದಲ್ಲಿ ಸರ್ಕಾರವನ್ನು ಕೂಗಿ ಕರೆದವು. ಇಕೋಸಿಸ್ಟಮ್ ಎಂಬ ಮಾತಿನ ಒಳಗೆ ಏನೇನಿದೆ ಎಂಬುದಕ್ಕೆ ಆ ಮೂರು ದಿನಗಳೇ ಸಾಕ್ಷಿ.

ಇನ್ನು ಕರ್ನಾಟಕದ ಕಡೆಗೆ. ಹರೀಶ್ ಹಂದೆ ಉಡುಪಿ ಜಿಲ್ಲೆಯ ಹಂದಟ್ಟಿನ ಮೂಲದವರು. ಖರಗಪುರದ ಐಐಟಿಯಲ್ಲಿ ಓದಿ, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲೋವೆಲ್ ವಿಭಾಗಕ್ಕೆ ಹೋದರು. ಅಲ್ಲಿಂದ ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿದ್ದಾಗ ಬಡವರ ಮನೆಗಳಲ್ಲಿ ಸೌರದೀಪ ಉರಿಯುವುದನ್ನು ಕಂಡರು. 1995ರಲ್ಲಿ ನೆವಿಲ್ ವಿಲಿಯಮ್ಸ್ ಅವರೊಡನೆ ಬೆಂಗಳೂರಿನಲ್ಲಿ ಸೆಲ್ಕೋ ಸ್ಥಾಪನೆಯಾಯಿತು. ಮೂರು ಮಿಥ್ಯೆಗಳನ್ನು ಸುಳ್ಳಾಗಿಸುವುದು ಅದರ ಘೋಷಿತ ಗುರಿ: ಬಡವರು ಇಂಥ ತಂತ್ರಜ್ಞಾನವನ್ನು ಕೊಳ್ಳಲಾರರು ಎಂಬುದು ಒಂದು, ಕೊಂಡರೂ ನಿರ್ವಹಿಸಲಾರರು ಎಂಬುದು ಇನ್ನೊಂದು, ಸಾಮಾಜಿಕ ಉದ್ದೇಶದ ಸಂಸ್ಥೆಯನ್ನು ವ್ಯಾಪಾರವಾಗಿ ನಡೆಸಲಾಗದು ಎಂಬುದು ಮೂರನೆಯದು.

ಮನೆಗೆ ಮೂರು ನಾಲ್ಕು ದೀಪಗಳ ಒಂದು ಸೌರ ಉಪಕರಣಕ್ಕೆ ಆಗ ಹಲವು ಸಾವಿರ ರೂಪಾಯಿ ಬೆಲೆ. ಕೂಲಿಯವರು ಅಷ್ಟನ್ನು ಒಮ್ಮೆಗೇ ಎಲ್ಲಿಂದ ತರಬೇಕು? ಆದರೆ ಸೀಮೆಎಣ್ಣೆಗೆ ಅವರು ದಿನದಿನವೂ ಹಣ ಸುಡುತ್ತಿದ್ದರು. ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿ ಆದೀತು ಎಂಬ ಪಾಠವನ್ನು ಹಂದೆಯವರಿಗೆ ಕಲಿಸಿದವರು ಬೀದಿ ವ್ಯಾಪಾರದ ಒಬ್ಬ ಮಹಿಳೆ. ಇದನ್ನು ಅವರು ಅನೇಕ ಕಡೆ ಹೇಳಿದ್ದಾರೆ. ಲೆಕ್ಕದಲ್ಲಿ ಎರಡೂ ಒಂದೇ. ಸಂಜೆಗೆ ಗಲ್ಲಾಪೆಟ್ಟಿಗೆ ಎಣಿಸುವವರಿಗೆ ಎರಡೂ ಒಂದೇ ಅಲ್ಲ. ವಸ್ತು ಸಿದ್ಧವಾಗಿತ್ತು, ಕೊಳ್ಳುವವರೂ ಸಿದ್ಧರಿದ್ದರು. ಸಿದ್ಧವಿಲ್ಲದೆ ಇದ್ದದ್ದು ನಡುವಿನ ಹಣಕಾಸು.

ಆ ಸಿದ್ಧತೆ ಬಂದದ್ದು ಸ್ಯಾಂಡ್ ಹಿಲ್ ರಸ್ತೆಯಿಂದಲ್ಲ, ಧಾರವಾಡದಿಂದ. ಸೌರದೀಪಕ್ಕೆ ಸಾಲ ಕೊಡಲು ಮೊದಮೊದಲು ಮುಂದೆ ಬಂದ ಬ್ಯಾಂಕುಗಳಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಒಂದು. 1976ರಲ್ಲಿ ಅದನ್ನು ಪ್ರಾಯೋಜಿಸಿ ಹುಟ್ಟುಹಾಕಿದ್ದು ಸಿಂಡಿಕೇಟ್ ಬ್ಯಾಂಕ್. ಇಲ್ಲಿ ಒಂದು ಹಳೆಯ ಎಳೆ ಸಿಗುತ್ತದೆ. ಸಿಂಡಿಕೇಟ್ ಬ್ಯಾಂಕು ಉಡುಪಿಯಲ್ಲಿ ಹುಟ್ಟಿದ್ದು 1925ರಲ್ಲಿ, ನೆಲಕಚ್ಚಿದ್ದ ಕೈಮಗ್ಗದ ನೇಕಾರರಿಗೆ ಹಣಕಾಸು ಒದಗಿಸಲೆಂದು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ದಿನವೂ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ದಿನದ ದುಡಿಮೆಗೆ ದಿನದ ಲೆಕ್ಕವೇ ಹೊಂದುತ್ತದೆ ಎಂಬ ಅರಿವು ಕರಾವಳಿಯ ಬ್ಯಾಂಕಿಂಗಿನಲ್ಲಿ ಆಗಲೇ ಇತ್ತು. ಬೀದಿ ವ್ಯಾಪಾರಿಯ 10 ರೂಪಾಯಿಯನ್ನು ಅರ್ಥಮಾಡಿಕೊಳ್ಳಬಲ್ಲ ಬ್ಯಾಂಕು ಕರ್ನಾಟಕದಲ್ಲಿ ಇದ್ದದ್ದು ಆಕಸ್ಮಿಕವಲ್ಲ; ಅದಕ್ಕೆ ಎಪ್ಪತ್ತು ವರ್ಷಗಳ ಹಿನ್ನೆಲೆಯಿತ್ತು. ಬ್ಯಾಂಕುಗಳ ರಾಷ್ಟ್ರೀಕರಣ, ಗ್ರಾಮೀಣ ಬ್ಯಾಂಕುಗಳ ಸ್ಥಾಪನೆ, ಆದ್ಯತಾ ವಲಯದ ಸಾಲದ ನಿಯಮ, ಇವೆಲ್ಲ ಒಂದೊಂದು ಕಾಲದ ರಾಜಕೀಯ ತೀರ್ಮಾನಗಳು. ಆ ತೀರ್ಮಾನಗಳು ಇಲ್ಲದೆ ಹೋಗಿದ್ದರೆ ಸೆಲ್ಕೋಗೆ ಸಹಭಾಗಿಯೇ ಇರುತ್ತಿರಲಿಲ್ಲ.

ಎರಡನೆಯ ಸಹಭಾಗಿತ್ವ ದುರಸ್ತಿಯದು. ದೀಪ ಕೆಟ್ಟರೆ ಕಂತು ನಿಲ್ಲುತ್ತದೆ. ಕಂತು ನಿಂತರೆ ಬ್ಯಾಂಕಿನ ಮ್ಯಾನೇಜರು ಮುಂದಿನ ಅರ್ಜಿಗೆ ಸಹಿ ಹಾಕುವುದಿಲ್ಲ. ಆದ್ದರಿಂದ ಸೆಲ್ಕೋ ಊರೂರಿನಲ್ಲಿ ಸೇವಾ ಕೇಂದ್ರಗಳನ್ನು ತೆರೆಯಿತು, ಅಲ್ಲಿನ ಮಾತು, ದಾರಿ, ಮನೆ ಬಲ್ಲ ಯುವಕ ಯುವತಿಯರನ್ನು ಕೆಲಸಕ್ಕೆ ತೆಗೆದುಕೊಂಡಿತು. ಸಂಜೆ ತಳ್ಳುಗಾಡಿಯಲ್ಲಿ ತರಕಾರಿ ಮಾರುವವರಿಗೆ ಉಪಕರಣ ಕೊಳ್ಳುವ ಅಗತ್ಯವೇ ಬೇಡವೆಂದು ಕಂಡಾಗ, ನಡುವೆ ಒಬ್ಬ ಸಣ್ಣ ಉದ್ಯಮಿಯನ್ನು ತಂದಿತು. ಆತ ಹಗಲಲ್ಲಿ ಬ್ಯಾಟರಿಗಳನ್ನು ಸೂರ್ಯನ ಶಕ್ತಿಯಿಂದ ತುಂಬಿಸಿ ಸಂಜೆಗೆ ದೀಪಗಳನ್ನು ಬಾಡಿಗೆಗೆ ಕೊಡುತ್ತಾನೆ. ಶಾಲೆಗಳಲ್ಲಿ ಸೌರಫಲಕ ಹಾಕಿ, ಮಕ್ಕಳು ಮನೆಯ ಓದುದೀಪದ ಬ್ಯಾಟರಿಯನ್ನು ಅಲ್ಲಿ ತುಂಬಿಸಿಕೊಂಡು ಹೋಗುವ ಏರ್ಪಾಡೂ ಬಂತು. ದೀಪ ಬೇಕಾದರೆ ಶಾಲೆಗೆ ಬರಲೇಬೇಕು. ಸಹಭಾಗಿತ್ವವೆಂದರೆ ಒಡಂಬಡಿಕೆಗೆ ಸಹಿ ಹಾಕಿ ಫೋಟೊ ತೆಗೆಸಿಕೊಳ್ಳುವುದಲ್ಲ. ಯಾರ ಕೆಲಸ ಎಲ್ಲಿ ನಿಲ್ಲುತ್ತದೆ, ಇನ್ನೊಬ್ಬರದು ಎಲ್ಲಿ ಶುರುವಾಗುತ್ತದೆ, ಕೆಟ್ಟರೆ ಯಾರು ಹೊಣೆ ಎಂಬ ಹಂಚಿಕೆ ಅದು.

ಕಥೆಯ ಕಷ್ಟದ ಭಾಗ ಇನ್ನು ಬರುತ್ತದೆ. ಮೊದಲ ಹತ್ತು ವರ್ಷ ಮುಗಿಯುವ ಹೊತ್ತಿಗೆ ಸೆಲ್ಕೋ ಮೇಲೆ ಬೇಗ ಬೆಳೆಯುವ ಒತ್ತಡ ಬಂತು. ಹೊರಗಿನ ಸಾಲದ ಹಣ ಸೇರಿತ್ತು. ಸ್ವಂತ ಕೇಂದ್ರಗಳ ಬದಲು ಫ್ರಾಂಚೈಸಿ ಮಾರಾಟಗಾರರ ಮೂಲಕ ವಿಸ್ತರಿಸುವ ದಾರಿಯನ್ನು ಸಂಸ್ಥೆ ಹಿಡಿಯಿತು. ಅದೇ ವೇಳೆಗೆ ಜರ್ಮನಿ ಸೌರವಿದ್ಯುತ್ತಿಗೆ ಕೊಟ್ಟ ಉತ್ತೇಜನದಿಂದ ಜಗತ್ತಿನಾದ್ಯಂತ ಸೌರಫಲಕಗಳ ಬೇಡಿಕೆ ಏರಿ ಬೆಲೆಯೂ ಏರಿತು. ದೂರದ ಒಂದು ದೇಶದ ಒಳ್ಳೆಯ ನೀತಿ ದಕ್ಷಿಣ ಕನ್ನಡದ ಕೂಲಿಯವರ ದೀಪವನ್ನು ದುಬಾರಿ ಮಾಡಿತು. ಸಂಸ್ಥೆ ನಷ್ಟಕ್ಕೆ ಸಿಲುಕಿತು. ಕಾಗದದ ಮೇಲೆ ಅದು ಹೂಡಿಕೆಗೆ ಸಿದ್ಧವಾಗಿತ್ತು. ಪ್ರಶಸ್ತಿಗಳಿದ್ದವು, ಸಾವಿರಾರು ಗಿರಾಕಿಗಳಿದ್ದರು. ಬಂದ ಹಣದ ಗಡಿಯಾರ ಮತ್ತು ಬಡವರ ಮನೆಯ ಗಡಿಯಾರ ಹೊಂದಲಿಲ್ಲ.

ಪರಿಹಾರ ಬಂದದ್ದು ಇನ್ನೂ ಹೆಚ್ಚು ವೇಗದಿಂದಲ್ಲ. ಸೆಲ್ಕೋ ತನ್ನ ಹೂಡಿಕೆದಾರರನ್ನು ಬದಲಿಸಿಕೊಂಡಿತು. ಲೆಮೆಲ್ಸನ್ ಪ್ರತಿಷ್ಠಾನ, ಇ ಪ್ಲಸ್ ಕೋ, ಗುಡ್ ಎನರ್ಜೀಸ್ ಮೊದಲಾದ, ಸಾಮಾಜಿಕ ಉದ್ದೇಶವನ್ನು ಒಪ್ಪಿ ತಾಳ್ಮೆಯಿಂದ ಕಾಯಬಲ್ಲ ಹಣವನ್ನು ಆರಿಸಿಕೊಂಡು ಮತ್ತೆ ತನ್ನ ಹಳೆಯ ಹೆಜ್ಜೆಗೆ ಮರಳಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬರುವ ವೇಳೆಗೆ ಲಕ್ಷಕ್ಕೂ ಮಿಕ್ಕಿದ ಮನೆಗಳಿಗೆ ಅದರ ಬೆಳಕು ತಲುಪಿತ್ತು. ಆಮೇಲಿನ ಬೆಳವಣಿಗೆಯ ರೀತಿಯೂ ಗಮನಾರ್ಹ. ದೇಶದ ತುಂಬ ತನ್ನದೇ ಹೆಸರಿನ ಶಾಖೆಗಳನ್ನು ನೆಡುವ ಬದಲು, ಬೇರೆ ರಾಜ್ಯಗಳ ಸಣ್ಣ ಉದ್ಯಮಿಗಳಿಗೆ ತರಬೇತಿ, ಆರಂಭಿಕ ಹಣ, ಬ್ಯಾಂಕಿನ ಸಂಪರ್ಕ ಒದಗಿಸಿ ಅವರವರ ಸಂಸ್ಥೆಗಳನ್ನು ಅವರೇ ಕಟ್ಟಲು ಬಿಟ್ಟಿತು. ಒಂದು ಆಲದ ಮರ ಊರನ್ನೇ ಆವರಿಸುವುದೂ ಬೆಳವಣಿಗೆ. ಊರೂರಿಗೆ ಒಂದೊಂದು ಹುಣಸೆ ಗಿಡ ಏಳುವುದೂ ಬೆಳವಣಿಗೆಯೇ. ಹೂಡಿಕೆಯ ಭಾಷೆಯಲ್ಲಿ ಮೊದಲನೆಯದಕ್ಕೆ ಮಾತ್ರ ಹೆಸರಿದೆ.

ಮೂರನೆಯ ಉದಾಹರಣೆ ಇದಕ್ಕೆ ತದ್ವಿರುದ್ಧ. ಎಸ್‌ಕೆಎಸ್ ಮೈಕ್ರೋಫೈನಾನ್ಸ್ 1990ರ ದಶಕದ ಕೊನೆಯಲ್ಲಿ ಆಂಧ್ರಪ್ರದೇಶದಲ್ಲಿ ಲಾಭರಹಿತ ಸಂಸ್ಥೆಯಾಗಿ ಹುಟ್ಟಿತು. ಬಡ ಮಹಿಳೆಯರ ಗುಂಪುಗಳಿಗೆ ಸಣ್ಣ ಸಾಲ ಕೊಡುವುದು ಅದರ ಕೆಲಸ. ಮುಂದೆ ಅದು ಲಾಭದ ಕಂಪನಿಯಾಗಿ ಬದಲಾಯಿತು. ಈ ಕಣಿವೆಯ ವಿನೋದ್ ಖೋಸ್ಲಾ ಅವರ ಹಣ ಅದಕ್ಕೆ ಹೋಯಿತು. 2007ರಲ್ಲಿ ಸ್ಯಾಂಡ್ ಹಿಲ್ ರಸ್ತೆಯ ಸಿಕೋಯಾ ಕ್ಯಾಪಿಟಲ್‌ನ ಭಾರತೀಯ ಅಂಗವೂ ಹೂಡಿತು. ಹೂಡಿಕೆಯ ಸಿದ್ಧತೆಗೆ ಪಠ್ಯಪುಸ್ತಕವಾಗಬಲ್ಲ ಕಂಪನಿ ಅದು: ಗಣಕೀಕೃತ ಲೆಕ್ಕ, ಏಕರೂಪದ ತರಬೇತಿ, ಬಹುತೇಕ ಪೂರ್ಣ ಮರುಪಾವತಿ, ಬೆರಗಾಗಿಸುವ ವೇಗ. 2010ರ ಆಗಸ್ಟಿನಲ್ಲಿ ಒಂದು ಷೇರಿಗೆ 985 ರೂಪಾಯಿಯಂತೆ ಅದು ಷೇರುಪೇಟೆಗೆ ಬಂತು. ಬಡವರ ಸಾಲದಿಂದ ಇಂಥ ಲಾಭ ತೆಗೆಯುವುದು ತಪ್ಪು ಎಂದು ಗ್ರಾಮೀಣ ಬ್ಯಾಂಕಿನ ಮುಹಮ್ಮದ್ ಯೂನುಸ್ ಬಹಿರಂಗವಾಗಿಯೇ ಟೀಕಿಸಿದರು.

ಎರಡು ತಿಂಗಳು ಕಳೆದಿತ್ತು. ಒಬ್ಬೊಬ್ಬ ಮಹಿಳೆಯ ಮೇಲೆ ನಾಲ್ಕಾರು ಕಂಪನಿಗಳ ಸಾಲ, ವಸೂಲಿಯ ಕಿರುಕುಳ, ಆತ್ಮಹತ್ಯೆಗಳ ವರದಿಗಳ ಹಿನ್ನೆಲೆಯಲ್ಲಿ ಆಂಧ್ರ ಸರ್ಕಾರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಆ ರಾಜ್ಯದಲ್ಲಿ ಇಡೀ ವಲಯದ ವಸೂಲಿ ಕುಸಿಯಿತು. ಇದರ ಮುನ್ಸೂಚನೆ ಕರ್ನಾಟಕದಲ್ಲಿ ಸಿಕ್ಕಿತ್ತು. 2009ರಲ್ಲಿಯೇ ಕೋಲಾರ ಮೊದಲಾದ ರೇಷ್ಮೆ ಸೀಮೆಯ ಊರುಗಳಲ್ಲಿ ಸಾಲದ ಮೇಲೆ ಸಾಲ ಬಿದ್ದು ಮರುಪಾವತಿ ನಿಂತುಹೋಗಿತ್ತು. ಆ ಎಚ್ಚರಿಕೆಯನ್ನು ಬಂಡವಾಳ ಓದಲಿಲ್ಲ. ಅಥವಾ ಓದಿಯೂ ಷೇರುಪೇಟೆಯ ದಿನಾಂಕದ ಮುಂದೆ ಅದು ಚಿಕ್ಕದಾಗಿ ಕಂಡಿತು. ಕಥೆ ಅಲ್ಲಿಗೂ ಮುಗಿಯಲಿಲ್ಲ. ಮೈಕ್ರೋಫೈನಾನ್ಸ್ ವಸೂಲಿಯ ಬಲಾತ್ಕಾರವನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು.

ಸೆಲ್ಕೋ ಮತ್ತು ಎಸ್‌ಕೆಎಸ್ ಎರಡೂ ಬಡವರ ಕಂತನ್ನು ನಂಬಿದ ಉದ್ಯಮಗಳು, ಎರಡಕ್ಕೂ ಅಮೆರಿಕದ ಹಣ ಬಂತು. ಒಂದರಲ್ಲಿ ಸಾಲ ಒಂದು ವಸ್ತುವಿಗೆ ಅಂಟಿಕೊಂಡಿತ್ತು. ದೀಪ ಉರಿದರೆ ಕಂತು, ಇಲ್ಲವಾದರೆ ಇಲ್ಲ. ಇನ್ನೊಂದರಲ್ಲಿ ಸಾಲವೇ ವಸ್ತು. ಹೆಚ್ಚು ಮಾರಿದಷ್ಟೂ ಹೆಚ್ಚು ಬೆಳವಣಿಗೆ. ಒಂದು ಎಡವಿದಾಗ ತನ್ನ ಹೂಡಿಕೆದಾರರನ್ನು ಬದಲಿಸಿತು. ಇನ್ನೊಂದು ಹೂಡಿಕೆದಾರರಿಗಾಗಿ ತನ್ನನ್ನೇ ಬದಲಿಸಿಕೊಂಡಿತ್ತು.

ಹಾಗಾದರೆ ಉದ್ಯಮಿಯ ಸಿದ್ಧತೆ ಬೇಡವೇ? ಖಂಡಿತ ಬೇಕು. ಮನೆಯ ಹಣ ಬೇರೆ, ಉದ್ಯಮದ ಹಣ ಬೇರೆ ಎಂಬ ಲೆಕ್ಕಪುಸ್ತಕ, ಪರಿಶೋಧಿತ ಆಯವ್ಯಯ, ಯಾರ ಹೆಸರಿನಲ್ಲಿ ಎಷ್ಟು ಷೇರು ಎಂಬ ಪಟ್ಟಿ, ಒಂದು ವಸ್ತು ಮಾರಿದರೆ ಖರ್ಚು ಕಳೆದು ಉಳಿಯುವುದೆಷ್ಟು ಎಂಬ ಸ್ಪಷ್ಟತೆ, ದುಡಿಯುವವರ ಭವಿಷ್ಯನಿಧಿ ಕಟ್ಟಿದ ರಸೀದಿ, ಇವು ಹೂಡಿಕೆದಾರರನ್ನು ಮೆಚ್ಚಿಸಲು ಮಾತ್ರವಲ್ಲ, ಉದ್ಯಮದ ಆತ್ಮಗೌರವಕ್ಕೂ ಬೇಕು. ಇವುಗಳ ಜೊತೆಗೆ ಬೇಕಾದ ಇನ್ನೊಂದು ಸಿದ್ಧತೆಯನ್ನು ಯಾವ ತರಬೇತಿಯೂ ಹೇಳಿಕೊಡುವುದಿಲ್ಲ. ಅದು ಹಣದ ಸ್ವಭಾವವನ್ನು ತಿಳಿದುಕೊಳ್ಳುವುದು.

ವೆಂಚರ್ ನಿಧಿಯ ಆಯಸ್ಸು ಸಾಮಾನ್ಯವಾಗಿ ಹತ್ತು ವರ್ಷ. ಅಷ್ಟರಲ್ಲಿ ಅದು ತನಗೆ ಹಣ ಕೊಟ್ಟವರಿಗೆ ಲಾಭ ಸಮೇತ ಹಿಂದಿರುಗಿಸಬೇಕು. ಹೂಡಿದ ಕಂಪನಿಗಳಲ್ಲಿ ಬಹುಪಾಲು ಸೋಲುತ್ತವೆ, ಒಂದೆರಡು ಮಾತ್ರ ಎಲ್ಲರ ನಷ್ಟ ತುಂಬಬೇಕು ಎಂಬುದು ಅದರ ಲೆಕ್ಕಾಚಾರ. ಆದ್ದರಿಂದ ವರ್ಷಕ್ಕೆ ಶೇಕಡ 15ರಂತೆ ಬೆಳೆಯುತ್ತ ಐವತ್ತು ಜನಕ್ಕೆ ಅನ್ನ ಕೊಡುವ ಸಂಸ್ಥೆ ಅದಕ್ಕೆ ಬೇಡ. ಒಂದೋ ಆಕಾಶ, ಇಲ್ಲವೇ ಪಾತಾಳ. ಪ್ರತಿ ಸುತ್ತಿನಲ್ಲೂ ಶೇಕಡ 20ರಷ್ಟು ಪಾಲು ಬಿಟ್ಟುಕೊಟ್ಟರೆ ಮೂರನೆಯ ಸುತ್ತಿಗೆ ಸ್ಥಾಪಕರ ಬಳಿ ಉಳಿಯುವುದು ಅರ್ಧಕ್ಕಿಂತ ಚೂರು ಹೆಚ್ಚು, ಶೇಕಡ 51.2. ಇನ್ನೊಂದು ಕರಾರು, ಕಂಪನಿ ಮಾರಾಟವಾದಾಗ ಹೂಡಿಕೆದಾರರ ಅಸಲು ಮೊದಲು ಸಲ್ಲಬೇಕೆಂಬುದು. 50 ಕೋಟಿ ಹೂಡಿಕೆ ಪಡೆದ ಕಂಪನಿ 60 ಕೋಟಿಗೆ ಮಾರಾಟವಾದರೆ, ಈ ಕರಾರಿನಂತೆ 50 ಕೋಟಿ ಅತ್ತ ಹೋಗಬಹುದು. ಹಗಲಿರುಳು ದುಡಿದು ಷೇರಿನ ಆಸೆಯಲ್ಲಿ ಕಡಿಮೆ ಸಂಬಳಕ್ಕೆ ಒಪ್ಪಿದವರೆಲ್ಲ ಹಂಚಿಕೊಳ್ಳಬೇಕಾದದ್ದು ಮಿಕ್ಕ 10 ಕೋಟಿಯನ್ನು. ಪತ್ರಿಕೆಗಳಲ್ಲಿ ಬರುವುದು 60 ಕೋಟಿಯ ಸುದ್ದಿ ಮಾತ್ರ. ಸಹಿ ಹಾಕುವ ಮೊದಲು ಈ ಪುಟವನ್ನು ಓದಿ ಅರ್ಥಮಾಡಿಕೊಳ್ಳುವುದೇ ನಿಜವಾದ ಸಿದ್ಧತೆ. ಎಲ್ಲ ಉದ್ಯಮಕ್ಕೂ ಷೇರಿನ ಹಣ ಬೇಡ. ಆರ್ಡರು ಕೈಯಲ್ಲಿದ್ದು ಕಚ್ಚಾವಸ್ತುವಿಗೆ ಕಾಸಿಲ್ಲದವರಿಗೆ ಬೇಕಾದದ್ದು ವರ್ಕಿಂಗ್ ಕ್ಯಾಪಿಟಲ್ ಸಾಲ. ಹೊಸ ಪ್ರಯೋಗಕ್ಕೆ ಬೇಕಾದದ್ದು ಅನುದಾನ. ಕೆಲವರಿಗೆ ಬೇಕಾದದ್ದು ಹಣವೇ ಅಲ್ಲ, ಒಬ್ಬ ಖಾತರಿಯ ಗಿರಾಕಿ. ಸರ್ಕಾರಿ ಗುತ್ತಿಗೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಶೇಕಡ 24.1 ಮೀಸಲಿಡುವ ಕರ್ನಾಟಕದ ಕಾನೂನು ಅಂಥದೊಂದು ಬಾಗಿಲು.

ಬಾಗಿಲಿನ ಮಾತು ಬಂದಾಗ ವಲಸೆ ಬಂದ ಕನ್ನಡಿಗರು ತಮ್ಮ ಹೊಸ್ತಿಲನ್ನೂ ನೋಡಿಕೊಳ್ಳಬೇಕಾಗುತ್ತದೆ. ಈ ಕಣಿವೆಯಲ್ಲಿ ಹೂಡಿಕೆಯ ಬಾಗಿಲು ತೆರೆಯುವುದು ಪರಿಚಯದವರ ಶಿಫಾರಸಿನಿಂದ. 1973ರಿಂದ ಇಲ್ಲಿ ಕನ್ನಡ ಕೂಟವಿದೆ. 1992ರಲ್ಲಿ ಭಾರತೀಯ ಮೂಲದ ಉದ್ಯಮಿಗಳು ಟೈ ಎಂಬ ಸಂಘ ಕಟ್ಟಿಕೊಂಡರು. ಬಿಳಿಯರ ಬಲೆಯೊಳಗೆ ಪ್ರವೇಶವಿಲ್ಲದವರು ತಮ್ಮದೇ ಬಲೆ ಹೆಣೆದುಕೊಂಡದ್ದು ನ್ಯಾಯವೇ. ಆದರೆ ಆ ಬಲೆಯ ಗಂಟುಗಳು ಎಲ್ಲಿವೆ? ಒಂದೇ ಕಾಲೇಜು, ಒಂದೇ ಬಡಾವಣೆ, ಒಂದೇ ಪೂಜೆ, ಬಾಯಿಬಿಟ್ಟು ಹೇಳದ ಒಂದೇ ಜಾತಿ. 2020ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ ಸಿಸ್ಕೋ ಕಂಪನಿಯ ಮೇಲೆ ಜಾತಿ ತಾರತಮ್ಯದ ಮೊಕದ್ದಮೆ ಹೂಡಿತು. ಕಂಪನಿ ಆರೋಪವನ್ನು ನಿರಾಕರಿಸಿತು. 2023ರಲ್ಲಿ ಶಾಸಕಿ ಆಯಿಷಾ ವಹಾಬ್ ತಂದ ಜಾತಿ ತಾರತಮ್ಯ ನಿಷೇಧದ ಮಸೂದೆ ಎರಡೂ ಸದನಗಳಲ್ಲಿ ಗೆದ್ದು, ಅಕ್ಟೋಬರಿನಲ್ಲಿ ಗವರ್ನರ್ ನ್ಯೂಸಮ್ ಅವರ ನಿರಾಕರಣೆಗೆ ಒಳಗಾಯಿತು. ಅದೇ ವರ್ಷ, ವೆಂಚರ್ ಸಂಸ್ಥೆಗಳು ತಾವು ಹಣ ಕೊಟ್ಟ ಸ್ಥಾಪಕರ ಲಿಂಗ, ಜನಾಂಗ ಮೊದಲಾದ ವಿವರಗಳನ್ನು ವರದಿ ಮಾಡಬೇಕೆಂಬ ಇನ್ನೊಂದು ಕಾನೂನಿಗೆ ಅವರು ಸಹಿ ಹಾಕಿದರು. ಲಿಂಗ, ಜನಾಂಗಗಳನ್ನು ಎಣಿಸಲು ಕಲಿತ ಈ ರಾಜ್ಯ ಜಾತಿಯನ್ನು ಇನ್ನೂ ಎಣಿಸುತ್ತಿಲ್ಲ. ಎಣಿಕೆಗೆ ಬಾರದ್ದು ಇಲ್ಲವೆಂದು ಹೇಳುವುದು ಸುಲಭ.

ಇನ್ನೊಂದು ಹೊಸ್ತಿಲು ವೀಸಾ. ಎಚ್-1ಬಿ ವೀಸಾದಲ್ಲಿರುವವರು ಕೆಲಸ ಹೋದರೆ ಸಾಮಾನ್ಯವಾಗಿ 60 ದಿನಗಳೊಳಗೆ ಬೇರೆ ದಾರಿ ನೋಡಿಕೊಳ್ಳಬೇಕು. ಅಂಥವರಿಗೆ ಸಾಹಸ ಮಾಡಿ ಎಂದು ಬೋಧಿಸುವುದು ಈಜು ಬಾರದವರನ್ನು ಬಾವಿಗೆ ತಳ್ಳಿದಂತೆ. ಸಾಹಸ ಪ್ರವೃತ್ತಿ ರಕ್ತದಲ್ಲಿ ಬರುವುದಿಲ್ಲ. ಹಸಿರು ಕಾರ್ಡು, ಆರೋಗ್ಯ ವಿಮೆ, ಊರಿನಲ್ಲಿರುವ ತಂದೆ ತಾಯಿಗೆ ಆಸರೆ ಇವು ಇದ್ದವರಿಗೆ ಅದು ಸುಲಭವಾಗಿ ಬರುತ್ತದೆ.

ಊರಿಗೆ ಹಣ ಕಳುಹಿಸಬಯಸುವವರ ಮುಂದೆ ಒಳ್ಳೆಯ ಮಾದರಿಗಳೂ ಇವೆ. ಬಾಸ್ಟನ್ ಪ್ರದೇಶದಲ್ಲಿ ಸಿಕಮೋರ್ ನೆಟ್‌ವರ್ಕ್ಸ್ ಕಟ್ಟಿದ, ಉತ್ತರ ಕರ್ನಾಟಕ ಮೂಲದ ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಕೃಷಿ, ಕೌಶಲ, ಸಣ್ಣ ಉದ್ಯಮಗಳಿಗೆ ಒತ್ತಾಸೆ ನೀಡುತ್ತ ಬಂದಿದೆ. ಬೆಂಗಳೂರಿನಾಚೆಗೂ ಉದ್ಯಮ ಹುಟ್ಟಬಹುದೆಂಬ ನಂಬಿಕೆಗೆ ಅದು ನೆಲೆ ಕೊಟ್ಟಿತು. 2017ರಿಂದ ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆ ಹೊಸ ಉದ್ಯಮಗಳಿಗೆ 50 ಲಕ್ಷ ರೂಪಾಯಿಯವರೆಗೆ ಅನುದಾನ ಕೊಡುತ್ತಿದೆ. ಪರಿಶಿಷ್ಟರಿಗಾಗಿ ಎಲಿವೇಟ್ ಉನ್ನತಿ ಇದೆ. ಆಯ್ಕೆಯಾದ ತಂಡಗಳಿಗೆ ಅನುದಾನದ ಆಚೆ ಬೇಕಾದದ್ದು ಮೊದಲ ಗಿರಾಕಿ, ಕರಾರು ಓದಿ ಹೇಳುವ ವಕೀಲರು, ತಪ್ಪನ್ನು ತಾಳ್ಮೆಯಿಂದ ತೋರಿಸುವ ಅನುಭವಸ್ಥರು. ಈ ಮೂರನ್ನೂ ಕೊಲ್ಲಿ ಪ್ರದೇಶದ ಕನ್ನಡಿಗರು ಕಾಸು ಖರ್ಚಿಲ್ಲದೆ ಕೊಡಬಲ್ಲರು. ಅದೂ ಹೂಡಿಕೆಯೇ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ಇಲ್ಲಿನ ಎಲ್ಲರಿಗೂ ಗೊತ್ತು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಸಂತೋಷಪಡುವ ಬದಲು ಲಕ್ಕಮ್ಮ, ಬೇಕಾದದ್ದಕ್ಕಿಂತ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದಳು. ಆಕೆ ಬಡತನವನ್ನು ಹೊಗಳಲಿಲ್ಲ. ನಾಳೆಯ ಊಟ ಹೇಗೆ ನಡೆಯುತ್ತದೆ, ಅದಕ್ಕೆ ಎಷ್ಟು ಬೇಕು ಎಂಬ ಲೆಕ್ಕ ಆಕೆಗೆ ಗೊತ್ತಿತ್ತು. ತಂದವನ ಹುರುಪು ಆ ಲೆಕ್ಕವನ್ನು ತಪ್ಪಿಸಬಾರದು ಎಂಬ ಎಚ್ಚರವೂ ಇತ್ತು. ಹೂಡಿಕೆಯ ಮಾತುಕತೆಗೆ ಕೂರುವ ಯಾವ ಸ್ಥಾಪಕರಿಗೂ ಇದಕ್ಕಿಂತ ಒಳ್ಳೆಯ ಸಿದ್ಧತೆ ಇಲ್ಲ.

ಜಗಲಿಯ ಮೇಲೆ ಕುಳಿತ ಗಂಡಿನ ಕಡೆಯವರಿಗೂ ಪ್ರಶ್ನೆ ಕೇಳುವ ಕಾಲ ಬಂದಿದೆ. ಈ ಹಣ ಯಾರದು? ಎಷ್ಟು ವರ್ಷ ಕಾಯಬಲ್ಲದು? ಕಂತು ಕಟ್ಟುವವರು ಕಷ್ಟಕ್ಕೆ ಸಿಕ್ಕಾಗ ಅದು ಯಾರ ಪಕ್ಕದಲ್ಲಿ ನಿಲ್ಲುತ್ತದೆ? ಹಿಂದೆ ಹಣ ಪಡೆದವರ ಹೆಸರುಗಳೆಲ್ಲ ಒಂದೇ ಬೀದಿಯವರ ಹೆಸರುಗಳಂತೆ ಏಕೆ ಕೇಳುತ್ತವೆ? ಇಲ್ಲಿ ಕುಳಿತವರಲ್ಲಿ ಹಲವರು ನಾಳೆ ಹೂಡಿಕೆದಾರರಾಗುವವರು, ಕೆಲವರು ಆಗಲೇ ಆದವರು. ಅವರು ಈ ನಾಲ್ಕು ಪ್ರಶ್ನೆಗಳಿಗೆ ತಮ್ಮ ಉತ್ತರವನ್ನು ಬರೆದಿಟ್ಟುಕೊಂಡು, ಮುಂದಿನ ಸಲ ಊರಿನಿಂದ ಹಣ ಕೇಳಿ ಬಂದವರ ಮುಂದೆ ಇಡುವಂತಾಗಲಿ.